ಒಂದು ಟ್ಯಾಬ್, ಇಬ್ಬರು ಮಕ್ಕಳು: ಬೆರಳು ಯಾರದು?

ನಲಿಕಲಿ ಮಿಸ್ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ತರಗತಿ ನನ್ನದು. 1, 2, 3ನೇ ಕ್ಲಾಸು ಒಟ್ಟಿಗೆ, 15 ಮಕ್ಕಳು. ಈ ವರ್ಷ ದಾನಿಗಳೊಬ್ಬರು 5 ಟ್ಯಾಬ್ ಕೊಟ್ಟರು. ಒಂದರಲ್ಲಿ ಚಾರ್ಜ್ ನಿಲ್ಲುವುದಿಲ್ಲ. ಉಳಿದ 4ರಲ್ಲಿ ಕನ್ನಡ ಕಥೆಪುಸ್ತಕಗಳಿವೆ. ತಾನೇ ಓದಿ ಹೇಳುತ್ತದೆ, ಓದುವಾಗ ಪದದ ಬಣ್ಣ ಬದಲಾಗುತ್ತದೆ. ಪದ ಮುಟ್ಟಿದರೆ ಅದೊಂದನ್ನೇ ಹೇಳುತ್ತದೆ. ಚಿತ್ರ ಮುಟ್ಟಿದರೆ ಕಪ್ಪೆ ವಟಗುಟ್ಟುತ್ತದೆ, ಎಮ್ಮೆ ಬಾಲ ಬೀಸುತ್ತದೆ.

ಟ್ಯಾಬ್ ಸಾಲದು ಅಂತ ಒಂದಕ್ಕೆ ಇಬ್ಬರಂತೆ ಕೂರಿಸಿದೆ. 8 ಜನ ಟ್ಯಾಬ್ ಹಿಡಿದಾಗ ಉಳಿದವರು ನಲಿಕಲಿಯ ಕಲಿಕಾ ಕಾರ್ಡು ಮಾಡುತ್ತಾರೆ. ಮೊದಲ ವಾರ ಬರೀ ಕಿತ್ತಾಟ. ಕೈ ಮೇಲೆ ಕೈ, ಬೆರಳ ಮೇಲೆ ಬೆರಳು. ಕಥೆ ಮುಗಿದ ಮೇಲೆ ಟ್ಯಾಬ್ ಮುಚ್ಚಿಸಿ "ಏನಾಯ್ತ್ರೋ ಕಥೇಲಿ?" ಅಂತ ಕೇಳಿದರೆ "ಕಪ್ಪೆ ವಟ್ ವಟ್ ಅಂತು ಮಿಸ್" ಅಷ್ಟೇ. ಆ ಕಥೆಯಲ್ಲಿ ಕಪ್ಪೆಗೆ ಪಾತ್ರವೇ ಇಲ್ಲ. ಕೆರೆ ಪಕ್ಕ ಸುಮ್ನೆ ಕೂತಿರುತ್ತೆ.

ಇದು ದಂಡ, ಒಬ್ಬೊಬ್ಬರಿಗೇ ಸರದಿ ಪ್ರಕಾರ ಕೊಟ್ಟುಬಿಡೋಣ ಅಂತಿದ್ದೆ. ಅಷ್ಟರಲ್ಲಿ ಒಂದು ಜೋಡಿ ಕಣ್ಣಿಗೆ ಬಿತ್ತು. ಒಬ್ಬಳು 2ನೇ ಕ್ಲಾಸು, ಎರಡು ಜಡೆ. ಇನ್ನೊಬ್ಬಳು 3ನೇ ಕ್ಲಾಸು, ತಲೆ ತುಂಬ ಕ್ಲಿಪ್ಪು. ಪರದೆ ಮೇಲೆ ಹೀಗಿತ್ತು: "ಅಜ್ಜಿ ಹಾಲು ಕಾಯಿಸಲು ಒಲೆ ಹಚ್ಚಿದಳು." ಜಡೆಯವಳು ಜೋರಾಗಿ ಓದಿದಳು: "ಅಜ್ಜಿ ಆಲು ಕಾಯಿಸಲು ಒಲೆ ಅಚ್ಚಿದಳು."

ಕ್ಲಿಪ್ಪಿನವಳು ತಡೆದಳು. "ಆಲು ಅಲ್ಲ ಕಣೇ, ಹಾಲು."

"ನಾನೂ ಅದನ್ನೇ ಅಂದಿದ್ದು. ಆಲು."

"ಅಲ್ಲ. ಆಲು ಆಗಿದ್ರೆ ಈ ಆ ಬರ್ಬೇಕಿತ್ತು." ನೆಲದ ಮೇಲೆ ಬೆರಳಲ್ಲಿ ಆ ಬರೆದಳು. ಆಮೇಲೆ ಜಡೆಯವಳ ಕೈ ಹಿಡಿದು, ಅವಳ ಅಂಗೈಯನ್ನು ಅವಳ ಬಾಯಿ ಎದುರಿಗೇ ಇಟ್ಟಳು. "ಹಾ ಅನ್ನು. ಗಾಳಿ ಬಂತಾ?"

"ಹಾ... ಬಂತು!"

ಆಮೇಲೆ ಇಬ್ಬರೂ ಸೇರಿ ಆ ಪದ ಒತ್ತಿದರು. ಟ್ಯಾಬ್ "ಹಾಲು" ಅಂತು. ಜಡೆಯವಳು ಕಿಸಕ್ಕನೆ ನಕ್ಕಳು. "ಹಚ್ಚಿದಳು" ಬಂದಾಗ ಯಾರೂ ಹೇಳದೆ ತಾನೇ ಅಂಗೈ ಎದುರಿಗೆ ಹಿಡಿದಳು. ಇದೇ ಹ ಹೇಳಿಕೊಡಲು ನಾನು ಜೂನ್‌ನಿಂದ ಒದ್ದಾಡುತ್ತಿದ್ದೇನೆ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಜೋಡಿ ಮಾಡುವುದು ಹೇಗೆ? ಸ್ನೇಹಿತರನ್ನೇ ಕೂರಿಸಬೇಕಾ, ಓದು ಬರುವವರ ಜೊತೆ ಬಾರದವರನ್ನಾ? ಕಪ್ಪೆ ಬಾಯಿ ಮುಚ್ಚಿಸಬೇಕಾ? ಅನುಭವ ಇದ್ದವರು ಹೇಳಿ.

ನಿವೃತ್ತ ಮೇಷ್ಟ್ರು

ಅಮ್ಮಾ, ನೀವು ಹೇಳಿದ ಪ್ರಸಂಗ ಬಹಳ ಚೆನ್ನಾಗಿದೆ. ಆದರೆ ಅದರಲ್ಲಿ ಟ್ಯಾಬ್ ಮಾಡಿದ್ದೇನು? ತಿದ್ದಿದ್ದು ಕ್ಲಿಪ್ಪಿನ ಹುಡುಗಿ. ಬರೆದಿದ್ದು ನೆಲದ ಮೇಲೆ. ಕಲಿಸಿದ್ದು ಅಂಗೈ ಮೇಲಿನ ಗಾಳಿ. ಒಂದು ಕಾಗದದ ಪುಸ್ತಕ ಕೊಟ್ಟಿದ್ದರೂ ಇದೇ ಆಗುತ್ತಿತ್ತು, ಕಪ್ಪೆ ಕಾಟವೂ ಇರುತ್ತಿರಲಿಲ್ಲ. ಚಾರ್ಜೂ ಬೇಡ.

ಇಬ್ಬಿಬ್ಬರನ್ನು ಕೂರಿಸಿ ಓದಿಸುವುದು ಹೊಸದೇನಲ್ಲ. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿನಿಂದ ಗೆಳೆಯರ ಬೆಂಬಲದ ಗುಂಪು ಅಂತ ಇದ್ದೇ ಇದೆಯಲ್ಲ. ಆ ಗುಂಪಿನ ನಡುವೆ ಟ್ಯಾಬ್ ಇಟ್ಟಿದ್ದೀರಿ, ಅಷ್ಟೇ.

ಎರಡು ಹೆಣ್ಣುಮಕ್ಕಳ ಅಮ್ಮ (ಸಿಯಾಟಲ್)

ನಮ್ಮ ಮನೆಯಲ್ಲಿ ಇದು ದಿನದ ಜಗಳ. ದೊಡ್ಡವಳಿಗೆ 9, ಚಿಕ್ಕವಳಿಗೆ 6. ಭಾನುವಾರದ ಕನ್ನಡ ಕಲಿ ಕ್ಲಾಸಿನವರು ಸ್ಟೋರಿವೀವರ್‌ನ ಕಥೆಗಳನ್ನು ಓದಿಸಿ ಅಂತಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದದ್ದು. ಪುಕ್ಕಟೆ, ಕನ್ನಡದಲ್ಲೂ ಬೇಕಾದಷ್ಟಿವೆ, 1ರಿಂದ 4ರವರೆಗೆ ಹಂತ ಬೇರೆ ಮಾಡಿದ್ದಾರೆ.

ಒಟ್ಟಿಗೆ ಕೂರಿಸಿದರೆ ದೊಡ್ಡವಳು ಐಪ್ಯಾಡ್ ತೊಡೆ ಮೇಲೆ ಇಟ್ಟುಕೊಂಡು ಪುಟ ಸರ್ ಸರ್ ಅಂತ ತಿರುಗಿಸುತ್ತಾಳೆ. ಚಿಕ್ಕವಳು ಬರೀ ಪ್ರೇಕ್ಷಕಿ. ಆದರೆ ಒಂದು ವಿಚಿತ್ರ. ಇಬ್ಬರ ನಡುವಿನ ಮಾತೆಲ್ಲ ಇಂಗ್ಲಿಷಿನಲ್ಲೇ. ಆದರೂ ಚಿಕ್ಕವಳು "ಗುಡಿಸು ಅಂದ್ರೆ ಏನು?" ಅಂತ ಕೇಳಿದರೆ ದೊಡ್ಡವಳು ಎದ್ದು ಗುಡಿಸಿ ತೋರಿಸುತ್ತಾಳೆ. ನನ್ನನ್ನು ಕೇಳಿದ್ದರೆ ನಾನು "ಸ್ವೀಪ್" ಅಂದು ಮುಗಿಸಿಬಿಡುತ್ತಿದ್ದೆ. ಇದನ್ನು ಕಲಿಕೆ ಅನ್ನಬೇಕಾ, ದೊಡ್ಡವಳ ದರ್ಬಾರು ಅನ್ನಬೇಕಾ ಗೊತ್ತಾಗುತ್ತಿಲ್ಲ.

ಓದಿನ ಬಗ್ಗೆ ಓದುವವಳು (ಮೈಸೂರು)

ಮಿಸ್, ನಿಮ್ಮ ಕಪ್ಪೆ ಜಗತ್ತಿನ ಎಲ್ಲಾ ಕಡೆ ವಟಗುಟ್ಟುತ್ತಿದೆ. ಟಕಾಚ್, ಸ್ವಾರ್ಟ್, ಬುಸ್ ಎಂಬ ಮೂವರು ಸಂಶೋಧಕರು 2015ರಲ್ಲಿ ಇಂಥ ಪುಸ್ತಕಗಳ ಮೇಲಿನ 43 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಥೆಯ ಜೊತೆಜೊತೆಗೇ ಚಿತ್ರ ಅಲುಗಾಡಿದರೆ, ಹಿನ್ನೆಲೆಗೆ ಸದ್ದು ಸಂಗೀತ ಇದ್ದರೆ ಒಳ್ಳೆಯದೇ. ಮಕ್ಕಳಿಗೆ ಕಥೆ ಚೆನ್ನಾಗಿ ತಿಳಿಯುತ್ತದೆ, ಹೊಸ ಪದಗಳೂ ಸಿಗುತ್ತವೆ. ಮುಟ್ಟಿದರೆ ಕುಣಿಯುವ ಚಿತ್ರ, ನಡುವೆ ತೂರಿಸಿದ ಆಟ, ಇವು ಮಾತ್ರ ಗಮನ ಎಳೆದುಬಿಡುತ್ತವೆ. ಮನೆಯಲ್ಲಿ ಓದಿ ಹೇಳುವವರಿಲ್ಲದ ಮಕ್ಕಳಿಗೆ ಅಲುಗಾಡುವ ಚಿತ್ರದ ಲಾಭವೂ ಜಾಸ್ತಿ, ಆಟದ ಕಾಟವೂ ಜಾಸ್ತಿ. ಎಮ್ಮೆ ಬಾಲ ಬೀಸಿ ನೊಣ ಓಡಿಸುವುದು ಕಥೆಯಲ್ಲೇ ಇದ್ದರೆ ಬೀಸಲಿ ಬಿಡಿ. ಕಥೆಗೆ ಸಂಬಂಧ ಇಲ್ಲದ ಕಪ್ಪೆ ಬಾಯಿ ಮುಚ್ಚಿಸಿ.

ದೊಡ್ಡವರು ಜೊತೆಗಿದ್ದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 2012ರಲ್ಲಿ ಅಮೆರಿಕದ ಜೋನ್ ಗ್ಯಾಂಜ್ ಕೂನಿ ಸೆಂಟರ್‌ನವರು ಅಪ್ಪ ಅಥವಾ ಅಮ್ಮ, ಜೊತೆಗೊಂದು ಮಗು, ಇಂಥ 32 ಜೋಡಿಗಳನ್ನು ನೋಡಿದ್ದರು. ಕುಣಿತ ಜಾಸ್ತಿ ಇದ್ದ ಪುಸ್ತಕ ಹಿಡಿದಾಗ ಕಥೆ ಬಿಟ್ಟು ಬೇರೆ ಮಾತೇ ಜಾಸ್ತಿ. "ಅಲ್ಲಿ ಒತ್ತಬೇಡ", "ಸರಿಯಾಗಿ ಹಿಡ್ಕೋ", ಇಂಥವು.

ಈಗ ಜೋಡಿ ವಿಷಯ. ಇಸ್ರೇಲಿನಲ್ಲಿ ಅದಿನಾ ಶಮೀರ್, ಓಫ್ರಾ ಕೋರಟ್ ಅವರು ಬಡ ಕುಟುಂಬಗಳ ಶಿಶುವಿಹಾರದ ಮಕ್ಕಳಿಗೆ ಇಂಥದೇ ಪುಸ್ತಕ ಕೊಟ್ಟು ನೋಡಿದ್ದರು. 2008ರಲ್ಲಿ ಬಂದ ಅವರ ಲೇಖನದ ಪ್ರಕಾರ ಒಬ್ಬೊಬ್ಬರೇ ಕೂತವರಿಗಿಂತ ಇಬ್ಬಿಬ್ಬರಾಗಿ ಕೂತವರು ಮುಂದಿದ್ದರು. ಮಿಸ್, ನಿಮಗೆ ಟ್ಯಾಬ್ ಸಾಲದೇ ಇದ್ದದ್ದು ಒಳ್ಳೆಯದೇ ಆಯಿತೇನೋ.

ಆದರೆ ಪಕ್ಕದಲ್ಲಿ ಕೂರಿಸಿದ ಮಾತ್ರಕ್ಕೆ ಆಗುವುದಲ್ಲ ಇದು. ಬ್ರಿಟನ್ನಿನ ನೀಲ್ ಮರ್ಸರ್ ಕಂಪ್ಯೂಟರ್ ಮುಂದೆ ಕೂತ ಶಾಲಾಮಕ್ಕಳ ಮಾತನ್ನು ರೆಕಾರ್ಡ್ ಮಾಡಿ ಮೂರು ಬಗೆ ಅಂತ ಬೇರೆ ಮಾಡಿದ್ದರು. ಒಂದು, "ಹೌದು", "ಇಲ್ಲ", "ಹೌದು", "ಇಲ್ಲ" ಜಗಳ. ಇನ್ನೊಂದು, ಒಬ್ಬರು ಹೇಳಿದ್ದಕ್ಕೆಲ್ಲ ಇನ್ನೊಬ್ಬರು ಹೂಂಗುಟ್ಟುವುದು. ಮೂರನೆಯದು, ಯಾಕೆ ಹೌದು, ಯಾಕೆ ಅಲ್ಲ ಅಂತ ಕಾರಣ ಕೊಟ್ಟು ಮಾತಾಡುವುದು. ಮೊದಲ ವಾರ ನಿಮ್ಮಲ್ಲಿ ನಡೆದದ್ದು ಮೊದಲನೆಯದು. ಸಿಯಾಟಲ್ ಅಕ್ಕನ ಮನೆಯಲ್ಲಿ ಪುಟ ತಿರುಗಿಸುವಾಗ ಎರಡನೆಯದು, ಗುಡಿಸಿ ತೋರಿಸುವಾಗ ಮೂರನೆಯದು. "ಆಲು ಆಗಿದ್ರೆ ಈ ಆ ಬರ್ಬೇಕಿತ್ತು" ಇದೆಯಲ್ಲ, ಅದು ಅಪ್ಪಟ ಮೂರನೆಯದು. 8 ವರ್ಷದ ಹುಡುಗಿ ಪುರಾವೆ ಕೊಡುತ್ತಿದ್ದಾಳೆ!

ಮೇಷ್ಟ್ರೇ, ಟ್ಯಾಬ್ ಮಾಡಿದ್ದೇನು ಅಂದಿರಿ. ಪಂಚಾಯ್ತಿ ಮಾಡಿತು. ಕಾಗದದ ಪುಸ್ತಕದಲ್ಲಿ ಇಬ್ಬರಿಗೂ ಅನುಮಾನ ಬಂದರೆ ಮಿಸ್ ಹತ್ತಿರ ಓಡಬೇಕು. ಮಿಸ್ ಸುತ್ತ ಇನ್ನೂ 13 ಮಕ್ಕಳು. ಇಲ್ಲಿ ತೀರ್ಪು ಬೆರಳ ತುದಿಯಲ್ಲೇ ಇದೆ. ಎಷ್ಟು ಸಲ ಕೇಳಿದರೂ ಅದು ಬೈಯುವುದಿಲ್ಲ, "ಇಷ್ಟೂ ಗೊತ್ತಿಲ್ವಾ" ಅನ್ನುವುದಿಲ್ಲ. ತೊಂದರೆಯೂ ಅಲ್ಲೇ ಇದೆ. ಮಾತು ಶುರುವಾಗುವ ಮುಂಚೆಯೇ ಒತ್ತಿಬಿಟ್ಟರೆ ತೀರ್ಪು ಸಿಗುತ್ತದೆ, ವಾದ ಸತ್ತುಹೋಗುತ್ತದೆ. ನಿಮ್ಮ ಹುಡುಗಿಯರು ಆಮೇಲೆ ಒತ್ತಿದರು. ನನ್ನ ಪ್ರಕಾರ ಇಡೀ ಗುಟ್ಟು ಆ "ಆಮೇಲೆ"ಯಲ್ಲಿದೆ. ಇಬ್ಬರೂ ತಮ್ಮ ತಮ್ಮ ಓದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಒತ್ತಬೇಕು. ಇದೊಂದು ನಿಯಮ ಇಟ್ಟು ನೋಡಿ.

ಕನ್ನಡಕ್ಕೆ ಇದು ಇನ್ನೂ ಜಾಸ್ತಿ ಬೇಕು. ಇಂಗ್ಲಿಷಿನಲ್ಲಿ 26 ಅಕ್ಷರದ ದೊಡ್ಡ, ಚಿಕ್ಕ ರೂಪ ಕಲಿತರೆ ಆಕಾರ ಕಲಿಯುವುದು ಮುಗಿಯಿತು. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು. ಕನ್ನಡ ಓದುವ ಮಕ್ಕಳ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಅಕ್ಷರ ಕಲಿಕೆ ಮೊದಲೆರಡು ವರ್ಷಕ್ಕೆ ಮುಗಿಯುವುದಿಲ್ಲ, ದೊಡ್ಡ ಕ್ಲಾಸುಗಳವರೆಗೂ ಎಳೆಯುತ್ತದೆ. ಅಷ್ಟು ವರ್ಷ ತಿದ್ದಲು ಒಬ್ಬ ಮಿಸ್ ಎಲ್ಲಿ ಸಾಕಾಗುತ್ತಾರೆ?

ಆ್ಯಪ್ ಮಾಡುವವನು (ಬೆಂಗಳೂರು)

ಮೊದಲು ಒಂದು ತಪ್ಪೊಪ್ಪಿಗೆ. ಅಂಥ ಕಪ್ಪೆಗಳನ್ನು ಹಾಕುವವರು ನಾವೇ. ಕಥೆಪುಸ್ತಕ ಮಾಡಿ ತೋರಿಸಿದರೆ ದುಡ್ಡು ಕೊಡುವವರು ಕೇಳುವ ಮೊದಲ ಪ್ರಶ್ನೆ "ಇಂಟರಾಕ್ಟಿವ್ ಎಲ್ಲಿ?" ಅಂತ. ನಾಲ್ಕು ಪ್ರಾಣಿಗೆ ಸದ್ದು ಜೋಡಿಸಿದರೆ ಖುಷಿಯಾಗುತ್ತಾರೆ. ಎರಡು ದಿನದ ಕೆಲಸ. ಇಬ್ಬರು ಮಕ್ಕಳು ಒಟ್ಟಿಗೆ ಓದುತ್ತಾರೆ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿಲ್ಲ. ಒಂದು ಸಾಧನ, ಒಂದು ಮಗು, ಒಂದು ಲಾಗಿನ್. ಹೀಗೇ ನಾವು ಯೋಚನೆ ಮಾಡುವುದು.

ಬಣ್ಣ ಬದಲಾಗುವ ಪದದ ಬಗ್ಗೆಯೂ ಹೇಳಬೇಕು. ಅದು ಇಂಗ್ಲಿಷಿನಿಂದ ಬಂದ ಪದ್ಧತಿ. ಅಲ್ಲಿ ಪದ ಚಿಕ್ಕದು, ಕಣ್ಣು ಸುಲಭವಾಗಿ ಬಣ್ಣದ ಹಿಂದೆಯೇ ಹೋಗುತ್ತದೆ. ನಮ್ಮಲ್ಲಿ "ಕಾಣಿಸಿಕೊಳ್ಳುತ್ತಿರಲಿಲ್ಲ" ಒಂದೇ ಪದ. ಇಡೀ ಪದ ಒಮ್ಮೆಗೇ ಹಳದಿಯಾದರೆ ಮಗು ಅದರಲ್ಲಿ ಎಲ್ಲಿ ನೋಡಬೇಕು? ಅಕ್ಷರ ಅಕ್ಷರವಾಗಿ ಬಣ್ಣ ಹಾಕೋಣ ಅಂತ ಒಮ್ಮೆ ಕೂತೆವು. ನಮ್ಮ ಕೋಡು "ತ್ತಿ"ಯನ್ನು "ತ್" ಮತ್ತು "ತಿ" ಅಂತ ಎರಡು ತುಂಡು ಮಾಡಿತು. ಮೇಲಿನ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಮಕ್ಕಳಿಗೆ ತೋರಿಸುವ ಹಾಗೇ ಇರಲಿಲ್ಲ. ಕೈಯಿಂದ ಒಂದೊಂದು ಪದವನ್ನೂ ಬಿಡಿಸಿಟ್ಟು ಮಾಡಿದ್ದು ಒಂದೇ ಒಂದು ಪುಸ್ತಕ.

ಜಗಳಕ್ಕೆ ನಮ್ಮ ಆಫೀಸಿನ ಮದ್ದು ಹೇಳುತ್ತೇನೆ. ನಾವೂ ಇಬ್ಬರು ಒಂದೇ ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುತ್ತೇವೆ, ಪೇರ್ ಪ್ರೋಗ್ರಾಮಿಂಗ್ ಅಂತ. ಕೀಬೋರ್ಡ್ ಹಿಡಿದವನು ಬರೆಯುವುದಷ್ಟೇ. ಏನು ಬರೆಯಬೇಕು ಅಂತ ಹೇಳುವವನು ಪಕ್ಕದವನು, ಅವನು ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದಲು ಬದಲು. ಮಕ್ಕಳಿಗೂ ಹಾಗೇ ಮಾಡಿ. ಒಬ್ಬರು ಬೆರಳು, ಒಬ್ಬರು ಬಾಯಿ. ಬಾಯಿ ಹೇಳದೆ ಬೆರಳು ಒತ್ತುವ ಹಾಗಿಲ್ಲ.

ಎರಡು ಹೆಣ್ಣುಮಕ್ಕಳ ಅಮ್ಮ (ಸಿಯಾಟಲ್)

ಬೆರಳು ಬಾಯಿ ಆಟ ನಿನ್ನೆ ರಾತ್ರಿಯೇ ಆಡಿಸಿದೆ. ದೊಡ್ಡವಳಿಗೆ ಬೆರಳು, ಚಿಕ್ಕವಳಿಗೆ ಬಾಯಿ. ದೊಡ್ಡವಳಿಗೆ ಸಿಟ್ಟು ಬಂದು ನೆತ್ತಿಗೇರಿತ್ತು. "ಶಿ ಈಸ್ ಸೋ ಸ್ಲೋ!" ಆದರೆ ಚಿಕ್ಕವಳು ಆರು ಪುಟ ಕಾಯಿಸಿ ಕಾಯಿಸಿ ಓದಿಸಿದಳು. ಮಹಾರಾಣಿ ಹಾಗೆ ಕೂತಿದ್ದಳು.

ನಿವೃತ್ತ ಮೇಷ್ಟ್ರು

ಪಂಚಾಯ್ತಿ ಮಾತು ಒಪ್ಪಿದೆ. ಅಷ್ಟರ ಮಟ್ಟಿಗೆ ಸೋತೆ.

ಆದರೆ ಒಂದು ಎಚ್ಚರ. ಮಕ್ಕಳು ತಾವೇ ಕಲಿಯುತ್ತಾರೆ, ಮೇಷ್ಟ್ರು ಬೇಡ ಅನ್ನುವ ಗಾಳಿ ಹಿಂದೆಯೂ ಬೀಸಿತ್ತು. 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರಾ ಗೋಡೆಗೆ ತೂತು ಕೊರೆದು ಕಂಪ್ಯೂಟರ್ ಇಟ್ಟರಲ್ಲ, ಆಗ ಎಲ್ಲರೂ ಕುಣಿದರು. ಮಕ್ಕಳು ಯಾರ ಸಹಾಯವೂ ಇಲ್ಲದೆ ಮೌಸ್ ಹಿಡಿಯಲು ಕಲಿತದ್ದು ನಿಜ. ಆದರೆ ದೆಹಲಿಯ ಅಂಥ ಕಂಪ್ಯೂಟರುಗಳನ್ನು ಹೋಗಿ ನೋಡಿದ ಮಾರ್ಕ್ ವಾರ್ಶಾವರ್ ಬರೆದದ್ದು ಬೇರೆ. ಹಿಂದಿಯ ಸರಕು ಇರಲಿಲ್ಲ. ಮಕ್ಕಳು ಜಾಸ್ತಿ ಹೊತ್ತು ಚಿತ್ರ ಬಿಡಿಸುವುದು, ಆಟ ಆಡುವುದು. ಇಲ್ಲೂ ಹಾಗೇ. ಬೆರಳು, ಬಾಯಿ ಅಂತ ಭಾಗ ಮಾಡಿಕೊಡಲು, "ಆಮೇಲೆ ಒತ್ತಿ" ಅನ್ನಲು ಯಾರೋ ಒಬ್ಬರು ಬೇಕು. ಮೇಲಿನವರಿಗೆ ವರದಿ ಬರೆಯುವಾಗ "ಟ್ಯಾಬ್ ಕೊಟ್ಟೆವು, ಮಕ್ಕಳು ಕಲಿತರು" ಅಂತ ಬರೆಯಬೇಡಿ ಅಮ್ಮಾ. ಮುಂದಿನ ವರ್ಷ ಟ್ಯಾಬ್ ಇಟ್ಟುಕೊಂಡು ನಿಮ್ಮನ್ನು ವರ್ಗ ಮಾಡಿಬಿಟ್ಟಾರು.

ಹಾಸನದವಳು

ಚರ್ಚೆಯ ಮಧ್ಯೆ ನನ್ನದೊಂದು. ನನ್ನ ಮಗನಿಗೆ ಉಗ್ಗು. ಕ್ಲಾಸಿನಲ್ಲಿ ಎದ್ದು ಓದು ಅಂದರೆ ಗಂಟಲು ಕಟ್ಟುತ್ತದೆ. ಆದರೆ ಟ್ಯಾಬಿನ ದನಿ ಮತ್ತು ಪಕ್ಕದ ಹುಡುಗ, ಇಬ್ಬರ ಜೊತೆ ದನಿಗೂಡಿಸಿ ಓದುವಾಗ ಒಂದು ಸಲವೂ ಉಗ್ಗುವುದಿಲ್ಲ. ವಾಕ್ ಚಿಕಿತ್ಸಕರನ್ನು ಕೇಳಿದೆ. ಇನ್ನೊಬ್ಬರ ಜೊತೆ ಒಟ್ಟಿಗೆ ಹೇಳುವಾಗ ಉಗ್ಗು ತಗ್ಗುವುದು ಸಾಮಾನ್ಯ, ಆದರೆ ಅದೇ ಚಿಕಿತ್ಸೆ ಅಂದುಕೊಳ್ಳಬೇಡಿ ಅಂದರು. ಆಗಲಿ. ಕಥೆ ಪೂರ್ತಿ ಓದಿ ಮುಗಿಸಿದೆ ಅನ್ನುವ ಖುಷಿ ಅವನಿಗೆ ಸಿಕ್ಕಿತಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ನಲಿಕಲಿ ಮಿಸ್ (ತುಮಕೂರು ಜಿಲ್ಲೆ)

ಮೂರು ವಾರ ಆಯಿತು. ಹೇಳಿದ್ದನ್ನೆಲ್ಲ ಮಾಡಿ ನೋಡಿದೆ.

ಕಪ್ಪೆಯ ಸದ್ದು ಆಫ್ ಮಾಡುವ ದಾರಿ ಆ್ಯಪ್‌ನಲ್ಲೇ ಇರಲಿಲ್ಲ. ಹಾಗಾಗಿ ಮೊದಲ ಓದಿನಲ್ಲಿ ಕಪ್ಪೆ ಮುಟ್ಟುವ ಹಾಗಿಲ್ಲ, ಕಥೆ ಮುಗಿದ ಮೇಲೆ ಎಷ್ಟು ಬೇಕಾದರೂ ಮುಟ್ಟಿ ಅಂದೆ. ಕಥೆ ಮುಗಿದ ಮೇಲೆ ಯಾರೂ ಅದನ್ನು ಮುಟ್ಟಲೇ ಇಲ್ಲ!

ಅದಲು ಬದಲನ್ನು ಗಡಿಯಾರ ನೋಡಿ ಮಾಡಿಸಲು ಹೋಗಿ ಕೆಟ್ಟೆ. "ಇನ್ನೂ ಐದು ನಿಮಿಷ ಆಗಿಲ್ಲ ಮಿಸ್" ಅನ್ನುವ ಜಗಳ. ಈಗ ಪುಟಕ್ಕೊಬ್ಬರು. ಪುಟ ತಿರುಗಿದರೆ ಬೆರಳೂ ತಿರುಗುತ್ತದೆ.

ಜೋಡಿ ವಿಷಯದಲ್ಲಿ ಮಾತ್ರ ಬಹಳ ತಿಣುಕಾಡಿದೆ. 3ನೇ ಕ್ಲಾಸಿನ ಚುರುಕು ಹುಡುಗನ ಜೊತೆ 1ನೇ ಕ್ಲಾಸಿನವನನ್ನು ಕೂರಿಸಿದೆ. ದೊಡ್ಡವನು ಇಡೀ ಪುಸ್ತಕ ಓದಿದ, ಚಿಕ್ಕವನು ಬಾಗಿಲ ಹತ್ತಿರ ಮಲಗಿದ್ದ ನಾಯಿ ನೋಡಿದ. ಇಬ್ಬರ ನಡುವೆ ಒಂದು ಮೆಟ್ಟಿಲು ವ್ಯತ್ಯಾಸ ಇದ್ದರೆ ಕೆಲಸ ಆಗುತ್ತದೆ. ಮೂರು ಮೆಟ್ಟಿಲು ಆದರೆ ಒಬ್ಬ ಮೇಷ್ಟ್ರು, ಒಬ್ಬ ಪ್ರೇಕ್ಷಕ. ಜೀವದ ಗೆಳತಿಯರ ಒಂದು ಜೋಡಿ ಇತ್ತು, ಅವರದು ಬರೀ "ಹೂಂ ಕಣೇ, ಹೂಂ ಕಣೇ". ಇಬ್ಬರೂ ಸೇರಿ "ಕತ್ತೆ"ಯನ್ನು "ಕಥೆ" ಅಂತ ಓದಿ, ಒಬ್ಬರನ್ನೊಬ್ಬರು ಹೊಗಳಿಕೊಂಡು ಮುಂದೆ ಹೋದರು. ಬೇರೆ ಮಾಡಿದೆ. ಅತ್ತರು. ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಇಬ್ಬರೂ ಹೇಳಿ ಆಮೇಲೆ ಒತ್ತಬೇಕು ಅನ್ನುವ ನಿಯಮ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯಿತು. ಮಕ್ಕಳು ಅದಕ್ಕೆ "ಬಾಜಿ" ಅಂತ ಹೆಸರಿಟ್ಟಿದ್ದಾರೆ. "ಬಾಜಿ ಕಟ್ಟು, ನಾನು ಭ ಅಂತೀನಿ, ನೀನು ಬ ಅಂತೀಯ." ಸೋತವರು ಆ ಪದ ಸ್ಲೇಟಿನ ಮೇಲೆ ಬರೆಯಬೇಕು. ಈ ಶಿಕ್ಷೆ ನಾನು ಹೇಳಿದ್ದಲ್ಲ, ಅವರೇ ಮಾಡಿಕೊಂಡದ್ದು. ಆದರೆ ಎರಡು ಜೋಡಿ ಇನ್ನೂ ಹಳೆಯ ದಾರಿಯಲ್ಲೇ ಇವೆ, ಮಿಸ್ ಅತ್ತ ತಿರುಗಿದ ಕೂಡಲೇ ಒತ್ತಿಬಿಡುತ್ತಾರೆ.

ಕಥೆ ತಿರುಗಿ ಹೇಳುವುದರಲ್ಲಿ ಬದಲಾವಣೆ ಕಾಣುತ್ತಿದೆ. ಮೊನ್ನೆ ಒಬ್ಬ ಹೇಳುತ್ತಿದ್ದ, "ಮೇಕೆ ಟಿಕೆಟ್ ತಿಂದುಬಿಡ್ತು ಮಿಸ್, ಅದಕ್ಕೆ ಅಜ್ಜನ್ನ ಬಸ್ಸಿಂದ ಇಳಿಸಿದ್ರು." ಪಕ್ಕದವಳು ಬಾಯಿ ಹಾಕಿದಳು, "ಇಳಿಸ್ಲಿಲ್ಲ, ಅಜ್ಜಾನೇ ಇಳಿದ, ಕಂಡಕ್ಟರ್ ಬೈತಾರೆ ಅಂತ." ಟ್ಯಾಬ್ ಮುಚ್ಚಿತ್ತು. ಇಬ್ಬರೂ ತೀರ್ಪಿಗೆ ಅದನ್ನು ಕೇಳಲಿಲ್ಲ. ಕಥೆಯಲ್ಲಿ ಅಜ್ಜ ಯಾಕೆ ಇಳಿದ ಅಂತ ಬರೆದೇ ಇಲ್ಲ, ಚಿತ್ರ ಮಾತ್ರ ಇದೆ. ಇಬ್ಬರೂ ಚಿತ್ರದಲ್ಲಿ ಅಜ್ಜನ ಮುಖ ಹೇಗಿತ್ತು ಅಂತ ನಟನೆ ಮಾಡಿ ತೋರಿಸಿದರು. ಗಂಟೆ ಹೊಡೆಯುವವರೆಗೂ ತೀರ್ಮಾನ ಆಗಲಿಲ್ಲ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಹಾವೇರಿ ಕಡೆಯಿಂದ ಕೆಲಸಕ್ಕೆ ಬಂದವರ ಮಗ ಒಬ್ಬ ಹೊಸದಾಗಿ ಸೇರಿದ್ದಾನೆ. ಪುಸ್ತಕದಲ್ಲಿ ಸೀಬೆಹಣ್ಣಿನ ಚಿತ್ರ. ಪದ ಓದಲು ಬರಲಿಲ್ಲ, ಚಿತ್ರ ನೋಡಿ "ಪ್ಯಾರಲ" ಅಂದ. ಜೊತೆಯವನು "ಸೀಬೆ" ಅಂದ. ಬಾಜಿ ಕಟ್ಟಿದರು, ಒತ್ತಿದರು. ಟ್ಯಾಬ್ "ಸೀಬೆಹಣ್ಣು" ಅಂತು. ಹೊಸಬನಿಗೆ ಒಪ್ಪಿಗೆ ಇಲ್ಲ. ಇನ್ನೊಮ್ಮೆ ಒತ್ತಿದ. ಮತ್ತೆ ಸೀಬೆಹಣ್ಣು. "ಇದಕ್ಕ ಗೊತ್ತಿಲ್ರೀ ಮಿಸ್, ನಮ್ಮವ್ವನ್ನ ಕೇಳ್ರಿ" ಅಂದ. ಸ್ಲೇಟಿನ ಮೇಲೆ ಬರೆಯಲು ಸುತರಾಂ ಒಪ್ಪಲಿಲ್ಲ. ಕೊನೆಗೆ ಜೊತೆಯವನೇ ಸ್ಲೇಟು ತೆಗೆದುಕೊಂಡು ಎರಡೂ ಬರೆದ. "ಪ್ಯಾರಲ"ಕ್ಕೆ ಯ ಒತ್ತು ಕೊಡುವುದು ಅವನಿಗೆ ಬರಲಿಲ್ಲ, ನನ್ನ ಹತ್ತಿರ ಬಂದು ಕೇಳಿದ.

ಇನ್ನೊಂದು ಸಹಾಯ. 4 ಟ್ಯಾಬ್ ಒಟ್ಟಿಗೆ ಮಾತಾಡಿದರೆ ಸಂತೆ ಆಗುತ್ತದೆ. ಒಂದು ಟ್ಯಾಬಿಗೆ ಎರಡು ಇಯರ್‌ಫೋನ್ ಹಾಕುವ ಕವಲು ವೈರು ಸಿಗುತ್ತಂತಲ್ಲ, ಯಾರಾದರೂ ಬಳಸಿದ್ದೀರಾ?

ಆ್ಯಪ್ ಮಾಡುವವನು (ಬೆಂಗಳೂರು)

ಸಿಗುತ್ತೆ ಮೇಡಂ, ಎಸ್‌ಪಿ ರಸ್ತೆಯಲ್ಲಿ ಹೋದ ವಾರವೇ ನೋಡಿದೆ. ಆದರೆ ಎರಡೂ ಕಿವಿಗೆ ಹಾಕಿಸಬೇಡಿ. ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿ ಪಕ್ಕದವರಿಗೆ ಬೇಕಲ್ಲ.